ಹೊಳೆ ತುಂಬಾ ಮಹಶೀರ್ ಇದೆಯಲ್ಲ, ಮತ್ತೆ ಜೀನ್ ಪರೀಕ್ಷೆ ಯಾಕೆ?

ಪ್ರಶ್ನೆ: ನಮ್ಮದು ಕನಕಪುರದ ಕಡೆ, ಕಾವೇರಿಗೆ ಹತ್ತಿರದ ಊರು. ಹೊಳೆಯಲ್ಲಿ ಮಹಶೀರ್ ಮೀನು ಈಗಲೂ ಬೇಕಾದಷ್ಟು ಕಾಣುತ್ತದೆ. ಆದರೂ ಕಾವೇರಿಯ ಮಹಶೀರ್ ಅಳಿಯುತ್ತಿದೆ ಅಂತ ಓದುತ್ತೇವೆ. ಒಂದೊಂದು ಹೊಳೆಯ ಮೀನಿನ ಜೀನ್ ಬೇರೆ ಇರಬಹುದು, ಪರೀಕ್ಷೆ ಮಾಡದೆ ಮರಿ ಬಿಡಬಾರದು ಅಂತಲೂ ಹೇಳುತ್ತಾರೆ. ಮೀನು ಮೀನೇ ಅಲ್ವಾ? ಹ್ಯಾಚರಿಯಿಂದ ಲಕ್ಷಗಟ್ಟಲೆ ಮರಿ ತಂದು ಬಿಟ್ಟರೆ ಆಗುವುದಿಲ್ಲವೇ? ನಮ್ಮೂರ ಕೆರೆಗೂ ಒಂದಿಷ್ಟು ಬಿಡಿಸೋಣ ಅಂತ ಯೋಚನೆ ಇದೆ.

ಉತ್ತರ: ನೀವು ಕಣ್ಣಾರೆ ನೋಡಿದ್ದೂ ನಿಜ, ಓದಿದ್ದೂ ನಿಜ. ನಿಮ್ಮ ಹೊಳೆಯಲ್ಲಿ ಬೇಕಾದಷ್ಟು ಕಾಣುವ ಮಹಶೀರ್ ಒಂದು ಜಾತಿ, ಅಳಿಯುತ್ತಿರುವ ಮಹಶೀರ್ ಇನ್ನೊಂದು ಜಾತಿ.

ಜಾಸ್ತಿ ಕಾಣುವುದು ನೀಲಿ ಈಜುರೆಕ್ಕೆಯ ಮಹಶೀರ್. ವಿಜ್ಞಾನದಲ್ಲಿ ಅದರ ಹೆಸರು ಟಾರ್ ಖುದ್ರೀ. 1839ರಲ್ಲಿ ಸೈಕ್ಸ್ ಎಂಬ ಇಂಗ್ಲಿಷ್ ಅಧಿಕಾರಿ ಪುಣೆ ಬಳಿಯ ಹೊಳೆಯ ಮೀನನ್ನು ನೋಡಿ ಆ ಹೆಸರು ಕೊಟ್ಟ. ಅಂದರೆ ಹೆಸರು ಬಂದದ್ದು ಕೃಷ್ಣಾ ಕೊಳ್ಳದ ಮೀನಿನಿಂದ. ಇನ್ನೊಂದು ಗೂನು ಬೆನ್ನಿನ ಮಹಶೀರ್, ಟಾರ್ ರೆಮಾದೇವಿ. ತಲೆಯ ಹಿಂದಿನಿಂದಲೇ ಬೆನ್ನು ಎದ್ದು ನಿಲ್ಲುತ್ತದೆ, ಈಜುರೆಕ್ಕೆ ಕಿತ್ತಳೆ ಬಣ್ಣ. ಇದು ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟು ಜಗತ್ತಿನ ಬೇರೆಲ್ಲೂ ಇಲ್ಲ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರ ಗಾಳಕ್ಕೆ ಬಿದ್ದ ಮೀನು 120 ಪೌಂಡ್ ತೂಗಿತ್ತು, ಸುಮಾರು 54 ಕಿಲೋ. ಕಾವೇರಿಯ ಮಹಶೀರ್‌ಗೆ ಹೊರದೇಶಗಳಲ್ಲೂ ಹೆಸರು ತಂದದ್ದು ಈ ಗಾತ್ರವೇ.

ಹಾಗಾದರೆ ನೀಲಿ ರೆಕ್ಕೆಯದು ನಿಮ್ಮ ಊರಿನ ಹೊಳೆಯಲ್ಲಿ ಇಷ್ಟೊಂದು ಹೇಗೆ ಬಂತು? ನಾವೇ ತಂದು ಬಿಟ್ಟದ್ದು. ಟಾಟಾ ವಿದ್ಯುತ್ ಕಂಪನಿ ಮಹಾರಾಷ್ಟ್ರದ ಲೋಣಾವಳದಲ್ಲಿ ಹ್ಯಾಚರಿ ಮಾಡಿ, ಕೈಯಿಂದ ಮೊಟ್ಟೆ ಹಿಂಡಿ ಮಹಶೀರ್ ಮರಿ ಮಾಡುವುದನ್ನು ಕಲಿತಿತು. ಆ ಕಾಲಕ್ಕೆ ದೊಡ್ಡ ಸಾಧನೆ ಅದು. 1970ರ ದಶಕದಿಂದ ಅಲ್ಲಿನ ಮರಿಗಳು ದೇಶದ ಹಲವು ಹೊಳೆಗಳಿಗೆ ಹೋದವು, ಕಾವೇರಿಗೂ ಬಂದವು. ಯಾರದ್ದೂ ಕೆಟ್ಟ ಉದ್ದೇಶವಿರಲಿಲ್ಲ. ಮಹಶೀರ್ ಕಡಿಮೆಯಾಗುತ್ತಿದೆ, ಮಹಶೀರ್ ಬಿಡೋಣ ಅಂದುಕೊಂಡರು. ಯಾವ ಮಹಶೀರ್ ಅಂತ ಕೇಳಲಿಲ್ಲ, ಅಷ್ಟೇ.

ಆಮೇಲೆ ಏನಾಯಿತು ಅನ್ನುವುದಕ್ಕೆ ಒಳ್ಳೆಯ ಪುರಾವೆ ಸಿಕ್ಕಿದ್ದು ಗಾಳ ಹಾಕಿ ಮೀನು ಹಿಡಿಯುವವರ ಲೆಕ್ಕದ ಪುಸ್ತಕಗಳಿಂದ. ಕಾವೇರಿ ದಡದ ಗಾಲಿಬೋರೆ ನಿಮಗೆ ಗೊತ್ತಿರುತ್ತದೆ. ಅಲ್ಲಿನ ಕ್ಯಾಂಪಿನಲ್ಲಿ ಮೀನು ಹಿಡಿದು, ತೂಕ ಬರೆದು, ಮತ್ತೆ ನೀರಿಗೆ ಬಿಡುವ ಪದ್ಧತಿ ಇತ್ತು. 1998ರಿಂದ 2012ರವರೆಗಿನ ಆ ಲೆಕ್ಕಗಳನ್ನು ವಿಜ್ಞಾನಿಗಳು ಕೂತು ಓದಿದರು. ಒಟ್ಟು ಮಹಶೀರ್ ಸಂಖ್ಯೆ ಏರುತ್ತಾ ಹೋಗಿತ್ತು. ಸುಮ್ನೆ ಅಷ್ಟನ್ನೇ ನೋಡಿದರೆ ಸಂರಕ್ಷಣೆ ಗೆದ್ದಿತು ಅನ್ನಬೇಕು. ಜಾತಿ ಬೇರೆ ಮಾಡಿ ನೋಡಿದಾಗ ಕಥೆ ತಿರುಗಿತು. ಏರಿದ್ದು ನೀಲಿ ರೆಕ್ಕೆಯದು. ಗೂನು ಬೆನ್ನಿನದು ಕುಸಿಯುತ್ತಾ ಬಂದಿತ್ತು. ಕೊನೆ ಕೊನೆಗೆ ಸಿಕ್ಕ ಕೆಲವು ಗೂನು ಬೆನ್ನಿನವೂ ದೊಡ್ಡ, ವಯಸ್ಸಾದ ಮೀನುಗಳು. ಕೆಳಗಿನಿಂದ ಎಳೆಯವು ಬರುತ್ತಿರಲಿಲ್ಲ. 2012ರ ಹೊತ್ತಿಗೆ ಗಾಲಿಬೋರೆ ಇರುವ ಕಾವೇರಿ ವನ್ಯಧಾಮದೊಳಗೆ ಗಾಳ ಹಾಕುವುದು ನಿಂತಿತು, ಅದರ ಜೊತೆಗೆ ಆ ಲೆಕ್ಕವೂ ನಿಂತಿತು. ಗಾಳ ನಿಲ್ಲಿಸಿದ್ದು ಸರಿಯೋ ತಪ್ಪೋ ಅನ್ನುವ ವಾದ ಬೇರೆ. ಲೆಕ್ಕ ನಿಂತದ್ದು ಮಾತ್ರ ನಷ್ಟವೇ ಅಂತ ನನ್ನ ಅಭಿಪ್ರಾಯ.

ಇಲ್ಲಿ ಒಂದು ವಿಚಿತ್ರ ನೋಡಿ. ಇಷ್ಟು ಹೆಸರುವಾಸಿ ಮೀನಿಗೆ 2018ರವರೆಗೆ ಸರಿಯಾದ ವೈಜ್ಞಾನಿಕ ಹೆಸರೇ ಗೊತ್ತಿರಲಿಲ್ಲ! ಗಾಳದವರು ಅದನ್ನು ಮುಸುಲ್ಲಾ ಅನ್ನುತ್ತಿದ್ದರು. ಅದು ಕೃಷ್ಣಾ ಕಡೆಯ ಬೇರೆಯೇ ಮೀನಿಗೆ ಸೈಕ್ಸ್ ಕೊಟ್ಟಿದ್ದ ಹೆಸರು. ಇತ್ತ 2007ರಲ್ಲಿ ಕೇರಳದ ಪಾಂಬಾರ್ ಹೊಳೆಯ ಒಂದು ಮಹಶೀರ್‌ಗೆ ಟಾರ್ ರೆಮಾದೇವಿ ಅಂತ ಹೆಸರಿಟ್ಟಿದ್ದರು. ಮೀನಿನ ತಜ್ಞೆ ರೆಮಾದೇವಿ ಅವರ ಗೌರವಕ್ಕೆ ಇಟ್ಟ ಹೆಸರು. ಆ ಮಲೆನಾಡಿನ ಮೀನಿಗೂ ಕಾವೇರಿಯ ದೈತ್ಯನಿಗೂ ನಂಟಿದೆ ಅಂತ ಆಗ ಯಾರಿಗೂ ಹೊಳೆಯಲಿಲ್ಲ. ಮೋಯಾರ್ ಹೊಳೆಯಲ್ಲಿ ಸಿಕ್ಕ ಗೂನು ಬೆನ್ನಿನ ಮೀನುಗಳ ಮೈಕಟ್ಟನ್ನೂ ಡಿಎನ್‌ಎಯನ್ನೂ ಹೋಲಿಸಿ ನೋಡಿದಾಗ ಎರಡೂ ಒಂದೇ ಜಾತಿ ಅಂತ ತೀರ್ಮಾನವಾಯಿತು. ಹೆಸರು ಸಿಕ್ಕ ಮೇಲೆಯೇ ಅದು ಜಗತ್ತಿನಲ್ಲಿ ಯಾವ ಜೀವಿ ಎಷ್ಟು ಅಪಾಯದಲ್ಲಿದೆ ಅಂತ ಹೇಳುವ ಐಯುಸಿಎನ್ ಕೆಂಪು ಪಟ್ಟಿಗೆ ‘ತೀವ್ರ ಅಪಾಯದಲ್ಲಿರುವ’ ಜಾತಿಯಾಗಿ ಸೇರಿದ್ದು. ಅದೇ ಸುಮಾರಿಗೆ ನೀಲಿ ರೆಕ್ಕೆಯದನ್ನು ಅಪಾಯದ ಪಟ್ಟಿಯಿಂದ ಕೆಳಗಿಳಿಸಿದರು. ಅಷ್ಟು ವರ್ಷ ಅಪಾಯದಲ್ಲಿದೆ ಅಂತ ಬೆಳೆಸಿ ಬಿಡುತ್ತಿದ್ದ ಮೀನು ಸುಖವಾಗಿತ್ತು. ನಿಜವಾಗಿ ಅಪಾಯದಲ್ಲಿದ್ದದ್ದಕ್ಕೆ ಪಟ್ಟಿಯಲ್ಲಿ ಜಾಗವೇ ಇರಲಿಲ್ಲ.

ಇದು ಜೀನ್ ಓದುವುದರ ಮೊದಲ ಉಪಯೋಗ: ಯಾವುದು ಯಾವ ಜಾತಿ ಅಂತ ತಿಳಿಯುವುದು. ನಿಮ್ಮ ಪ್ರಶ್ನೆ ಇರುವುದು ಎರಡನೆಯದರ ಬಗ್ಗೆ. ಒಂದೇ ಜಾತಿಯೊಳಗೆ, ಒಂದು ಹೊಳೆಗೂ ಇನ್ನೊಂದಕ್ಕೂ ಇರುವ ವ್ಯತ್ಯಾಸ.

ಸ್ವಲ್ಪ ನಕ್ಷೆ ಮನಸ್ಸಿಗೆ ತಂದುಕೊಳ್ಳಿ. ಗೂನು ಬೆನ್ನಿನ ಮಹಶೀರ್‌ಗೆ ನೆಲೆ ಕೊಟ್ಟ ಮೂರು ಜಾಗ ತೆಗೆದುಕೊಳ್ಳೋಣ. ಒಂದು ನಿಮ್ಮದೇ: ಶಿವನಸಮುದ್ರದ ಕೆಳಗೆ, ಮೇಕೆದಾಟು ದಾಟಿ ಹೊಗೇನಕಲ್ ಕಡೆಗೆ ಹರಿಯುವ ಕಾವೇರಿ. ಎರಡನೆಯದು ಮೋಯಾರ್. ಬಂಡೀಪುರ, ಮುದುಮಲೈ ನಡುವಿನ ಆಳದ ಕಣಿವೆಯಲ್ಲಿ ಹರಿದು ಭವಾನಿಸಾಗರ ಜಲಾಶಯಕ್ಕೆ ಸೇರುತ್ತದೆ. ಮೂರನೆಯದು ಪಾಂಬಾರ್. ಕೇರಳದ ಮರಯೂರು ಕಡೆಯಿಂದ ಪೂರ್ವಕ್ಕೆ ಇಳಿದು ತಮಿಳುನಾಡಿನ ಅಮರಾವತಿ ಜಲಾಶಯ ಸೇರುತ್ತದೆ. ಭವಾನಿ ಕಾವೇರಿಗೆ ಕೂಡುವುದು ಮೆಟ್ಟೂರಿನ ಕೆಳಗೆ. ಅಮರಾವತಿ ಕೂಡುವುದು ಇನ್ನೂ ಕೆಳಗೆ, ಕರೂರಿನ ಹತ್ತಿರ.

ಈಗ ಮೋಯಾರಿನ ಒಂದು ಮೀನು ಮೇಕೆದಾಟಿಗೆ ಬರಬೇಕು ಅಂದುಕೊಳ್ಳಿ. ಮೊದಲು ಭವಾನಿಸಾಗರದ ಕಟ್ಟೆಯಿಂದ ಕೆಳಗಿಳಿಯಬೇಕು. ಅದು ಕಟ್ಟಿದ್ದು 1955ರಲ್ಲಿ. ಆಮೇಲೆ ಕಾವೇರಿಗೆ ಬಂದು ಮೆಟ್ಟೂರು ಆಣೆಕಟ್ಟು ಹತ್ತಬೇಕು. ಅದು 1934ರದ್ದು. ಅದನ್ನೂ ದಾಟಿದರೆ ಎದುರಿಗೆ ಹೊಗೇನಕಲ್ ಅಬ್ಬಿ. ಕಟ್ಟೆಗಳನ್ನು ಮನುಷ್ಯ ಮೊನ್ನೆ ಮೊನ್ನೆ ಕಟ್ಟಿದ್ದು. ಅಬ್ಬಿ ಹಾಗಲ್ಲ, ಸಾವಿರಾರು ವರ್ಷಗಳಿಂದ ಅಲ್ಲೇ ಇದೆ. ಅಬ್ಬಿಯಲ್ಲಿ ಮೇಲಿನ ಮೀನು ಕೆಳಗೆ ಕೊಚ್ಚಿಕೊಂಡು ಬರಬಹುದು, ಕೆಳಗಿನದು ಮೇಲೆ ಹೋಗುವುದು ಬಲು ಕಷ್ಟ. ಹಾಗಾಗಿ ಸಂಬಂಧ ಮೊದಲಿನಿಂದಲೂ ಹೆಚ್ಚಾಗಿ ಒಮ್ಮುಖ. ಕಟ್ಟೆ ಬಂದ ಮೇಲೆ ಅದೂ ಬಹುಮಟ್ಟಿಗೆ ಕಡಿದುಹೋಯಿತು.

ಹೀಗೆ ಬೇರೆಯಾದ ಗುಂಪುಗಳು ಕಾಲ ಕಳೆದಂತೆ ಬೇರೆ ಬೇರೆ ಆಗುತ್ತವೆ. ಕಾರಣ ಎರಡು. ಒಂದು, ಆಯಾ ಹೊಳೆಗೆ ಹೊಂದಿಕೊಳ್ಳುವುದು. ಬೆಟ್ಟದ ಮೇಲಿನ ತಣ್ಣನೆಯ ಸಣ್ಣ ಹೊಳೆಯಲ್ಲಿ ಬದುಕುಳಿಯುವ ಮೀನಿಗೂ, ಬೇಸಿಗೆಯಲ್ಲಿ ಕಾದ ಬಂಡೆಗಳ ನಡುವಿನ ಮಡುವಿನಲ್ಲಿ ಬದುಕುಳಿಯುವ ಮೀನಿಗೂ ಒಂದೇ ಗುಣ ಸಾಕಾಗದು. ಇನ್ನೊಂದು ಬರೀ ಆಕಸ್ಮಿಕ. ಹತ್ತು ಬಣ್ಣದ ಅವರೆ ಬೆರೆಸಿದ ಚೀಲದಿಂದ ಒಂದೇ ಹಿಡಿ ತೆಗೆದು ಬಿತ್ತಿ, ಮರುವರ್ಷ ಆ ಬೆಳೆಯಿಂದ ಮತ್ತೆ ಒಂದೇ ಹಿಡಿ ಬಿತ್ತುತ್ತಾ ಹೋದರೆ ಕೆಲವು ವರ್ಷಕ್ಕೆ ಎರಡು ಮೂರು ಬಣ್ಣ ಮಾತ್ರ ಉಳಿಯುತ್ತವೆ. ಉಳಿದವು ಕೆಟ್ಟವೆಂದು ಹೋದದ್ದಲ್ಲ, ಹಿಡಿಗೆ ಸಿಗಲಿಲ್ಲ ಅಷ್ಟೇ. ಮೀನಿನ ಗುಂಪು ಚಿಕ್ಕದಾದರೆ ಪ್ರತಿ ತಲೆಮಾರೂ ಅಂಥದ್ದೊಂದು ಹಿಡಿ.

ಇದಕ್ಕೆ ಲೆಕ್ಕವೂ ಇದೆ. ಸಂತಾನಕ್ಕೆ ನಿಜವಾಗಿ ಸೇರುವ ಮೀನುಗಳ ಸಂಖ್ಯೆಯನ್ನು ಎರಡರಿಂದ ಗುಣಿಸಿ, ಅದರಿಂದ 1ನ್ನು ಭಾಗಿಸಿ. ಬಂದ ಪಾಲಿನಷ್ಟು ಜೀನ್ ವೈವಿಧ್ಯ ಪ್ರತಿ ತಲೆಮಾರಿಗೆ ಕಳೆಯುತ್ತದೆ. 500 ಮೀನು ಇದ್ದರೆ ಸಾವಿರದಲ್ಲಿ ಒಂದು ಪಾಲು, ಲೆಕ್ಕಕ್ಕೇ ಇಲ್ಲ. 50 ಇದ್ದರೆ ಶೇ 1. 10 ಮಾತ್ರ ಇದ್ದರೆ ಶೇ 5. ಶೇ 5 ಸಣ್ಣದು ಅನ್ನಿಸಬಹುದು. ಹತ್ತು ತಲೆಮಾರು ಹಾಗೇ ನಡೆದರೆ ಸುಮಾರು ಶೇ 40ರಷ್ಟು ವೈವಿಧ್ಯ ಖಾಲಿ. ಮುಂದೆ ಹೊಸ ರೋಗ ಬಂತು, ನೀರು ಇನ್ನೂ ಬಿಸಿಯಾಯಿತು ಅಂದರೆ ಅದನ್ನು ತಡೆದುಕೊಳ್ಳುವ ಗುಣ ಇರುವ ಮೀನು ಗುಂಪಿನಲ್ಲಿ ಒಂದೂ ಇಲ್ಲದಿರಬಹುದು.

ಪರೀಕ್ಷೆ ಹೇಗೆ ಮಾಡುತ್ತಾರೆ? ಮೀನನ್ನು ಕೊಲ್ಲಬೇಕಾಗಿಲ್ಲ. ಈಜುರೆಕ್ಕೆಯ ತುದಿಯಿಂದ ಒಂದು ಚೂರು ಕತ್ತರಿಸಿ ಆಲ್ಕೋಹಾಲಿನಲ್ಲಿ ಹಾಕಿಟ್ಟರೆ ಸಾಕು. ಮೊದಲು ನೋಡುವುದು ಸಾಮಾನ್ಯವಾಗಿ ಮೈಟೊಕಾಂಡ್ರಿಯದ (ಜೀವಕೋಶಕ್ಕೆ ಶಕ್ತಿ ಒದಗಿಸುವ ಭಾಗದ) ಡಿಎನ್‌ಎ. ಸುಲಭ, ಅಗ್ಗ, ಜಾತಿ ಗುರುತಿಸುವುದಕ್ಕೆ ಒಳ್ಳೆಯದು. ಆದರೆ ಅದು ತಾಯಿಯಿಂದ ಮಾತ್ರ ಬರುತ್ತದೆ. ಗೂನು ಬೆನ್ನಿನ ತಾಯಿಗೂ ನೀಲಿ ರೆಕ್ಕೆಯ ತಂದೆಗೂ ಮರಿ ಹುಟ್ಟಿದರೆ ಈ ಪರೀಕ್ಷೆಯಲ್ಲಿ ಅದು ಅಪ್ಪಟ ಗೂನು ಬೆನ್ನಿನದೇ ಅಂತ ಬರುತ್ತದೆ. ಮಹಶೀರ್ ಜಾತಿಗಳು ಒಂದಕ್ಕೊಂದು ಕೂಡಿ ಮರಿ ಕೊಡಬಲ್ಲವು, ಹ್ಯಾಚರಿಗಳಲ್ಲಿ ಹಾಗೆ ಬೆರಕೆ ಮರಿ ತೆಗೆದದ್ದೂ ಉಂಟು. ಹಾಗಾಗಿ ಎರಡೂ ಜಾತಿ ಇರುವ ಹೊಳೆಯಲ್ಲಿ ಬರೀ ಮೈಟೊಕಾಂಡ್ರಿಯ ನೋಡಿ ‘ಇದು ಶುದ್ಧ’ ಅಂದರೆ ನಾನು ಒಪ್ಪುವುದಿಲ್ಲ. ತಂದೆ ತಾಯಿ ಇಬ್ಬರಿಂದಲೂ ಬರುವ ಡಿಎನ್‌ಎ ಓದಲೇಬೇಕು.

ಅಲ್ಲಿ ಮಹಶೀರ್ ಒಂದು ತಲೆನೋವು ಇಟ್ಟಿದೆ. ರೋಹು, ಕಾಟ್ಲಾ ಮೀನುಗಳಿಗೆ 50 ಕ್ರೋಮೊಸೋಮ್, ಅಂದರೆ ಜೀನ್‌ಗಳನ್ನು ಹೊತ್ತ ಎಳೆಗಳು. ಮಹಶೀರ್‌ಗೆ 100. ಎಂದೋ ಒಂದು ಕಾಲದಲ್ಲಿ ಇದರ ಪೂರ್ವಜರ ಜೀನ್‌ಗಳ ಇಡೀ ಕಟ್ಟು ಇಮ್ಮಡಿಯಾಗಿದೆ. ಮಾಮೂಲಿ ಪ್ರಾಣಿಯಲ್ಲಿ ಒಂದು ಜಾಗದ ಡಿಎನ್‌ಎಗೆ ಎರಡು ಪ್ರತಿ ಇದ್ದರೆ ಇಲ್ಲಿ ನಾಲ್ಕು ಸಿಗಬಹುದು. ಎರಡು ಪ್ರತಿಗೆಂದು ಮಾಡಿದ ಸಾಫ್ಟ್‌ವೇರಿಗೆ ಇದನ್ನು ಹಾಗೇ ತುಂಬಿದರೆ ಇಲ್ಲದ ವೈವಿಧ್ಯವನ್ನು ಇದೆ ಅಂತ ತೋರಿಸಿಬಿಡುತ್ತದೆ. ಮಹಶೀರ್ ಬಗ್ಗೆ ‘ವೈವಿಧ್ಯ ಚೆನ್ನಾಗಿದೆ’ ಅನ್ನುವ ವರದಿ ಕಂಡರೆ ನಾನು ಮೊದಲು ನೋಡುವುದು ಈ ಇಮ್ಮಡಿಯನ್ನು ಹೇಗೆ ನಿಭಾಯಿಸಿದ್ದಾರೆ ಅಂತ.

‘ಬೇರೆ ಹೊಳೆಯದನ್ನು ತಂದು ಬೆರೆಸಿದರೆ ಏನಾಗುತ್ತದೆ?’ ಇದಕ್ಕೆ ಒಂದೇ ಉತ್ತರವಿಲ್ಲ. ಬೆರೆಸಲೇಬಾರದು ಅಂತ ಕಣ್ಣುಮುಚ್ಚಿ ಹೇಳುವವರ ಗುಂಪಿಗೆ ನಾನು ಸೇರಿದವನಲ್ಲ. ತೀರಾ ಕುಗ್ಗಿದ ಗುಂಪಿನಲ್ಲಿ ಹತ್ತಿರದ ಸಂಬಂಧಿಗಳೇ ಕೂಡಿ ಕೂಡಿ ಸಂತಾನ ಬಲಹೀನವಾದಾಗ ಹೊರಗಿನ ರಕ್ತ ಜೀವ ಉಳಿಸುತ್ತದೆ. ಅಮೆರಿಕದ ಫ್ಲೋರಿಡಾದಲ್ಲಿ ಪ್ಯಾಂಥರ್ ಎಂಬ ದೊಡ್ಡ ಕಾಡುಬೆಕ್ಕುಗಳು ಕೆಲವೇ ಉಳಿದಿದ್ದಾಗ 1995ರಲ್ಲಿ ಟೆಕ್ಸಾಸಿನಿಂದ 8 ಹೆಣ್ಣು ತಂದು ಬಿಟ್ಟರು. ಹೃದಯದ ದೋಷ, ಸೊಟ್ಟ ಬಾಲ ಎಲ್ಲ ಕಡಿಮೆಯಾಗಿ ಸಂಖ್ಯೆ ಏರಿತು. ಆದರೆ ಬಹಳ ಹಿಂದೆಯೇ ಬೇರೆಯಾಗಿ, ಬೇರೆ ಬೇರೆ ನೀರಿಗೆ ಒಗ್ಗಿದ ಗುಂಪುಗಳನ್ನು ಬೆರೆಸಿದರೆ ಇದರ ಉಲ್ಟಾ ಆಗಬಹುದು. ಮರಿಗಳು ಆ ಹೊಳೆಗೂ ಸಲ್ಲವು, ಈ ಹೊಳೆಗೂ ಸಲ್ಲವು.

ಸಂರಕ್ಷಣೆಯ ಜೀನ್ ಶಾಸ್ತ್ರದವರು ಇದಕ್ಕೆ ಒಂದು ಅಂದಾಜಿನ ಗೆರೆ ಹಾಕಿಕೊಂಡಿದ್ದಾರೆ. ಎರಡು ಗುಂಪುಗಳು ಕಳೆದ 500 ವರ್ಷದೊಳಗೆ ಬೇರೆಯಾದವು, ಇರುವ ಜಾಗವೂ ಒಂದೇ ತರಹದ್ದು, ಕ್ರೋಮೊಸೋಮಿನಲ್ಲಿ ವ್ಯತ್ಯಾಸವಿಲ್ಲ ಅಂದರೆ ಬೆರೆಸುವ ಅಪಾಯ ಕಡಿಮೆ. ಕಾವೇರಿಗೆ ಇದನ್ನು ಇಟ್ಟು ನೋಡಿ. ಮೆಟ್ಟೂರು, ಭವಾನಿಸಾಗರ ಕಟ್ಟೆಗಳಿಗೆ ಇನ್ನೂ ನೂರು ವರ್ಷವಾಗಿಲ್ಲ. ಕಟ್ಟೆ ಕಡಿದದ್ದನ್ನು ಮನುಷ್ಯ ಲಾರಿಯಲ್ಲಿ ಸಾಗಿಸಿ ಜೋಡಿಸಿದರೆ ತಪ್ಪೇನಿಲ್ಲ, ಅದು ಮೊದಲಿದ್ದ ದಾರಿಯನ್ನೇ ತೆರೆದ ಹಾಗೆ. ಅಬ್ಬಿ ಕಡಿದದ್ದನ್ನು ಹಾಗೆ ಜೋಡಿಸುವಾಗ ಹಿಂದೆ ಮುಂದೆ ನೋಡಬೇಕು. ಪಾಂಬಾರಿನದು ಬೆಟ್ಟದ ನೀರು, ಮೇಕೆದಾಟಿನದು ಬಯಲಿನ ಬಿಸಿಲು ನೀರು. ಎರಡು ಗುಂಪಿನ ನಡುವಿನ ವ್ಯತ್ಯಾಸ ನಿನ್ನೆಯ ಕಟ್ಟೆಯಿಂದ ಬಂದದ್ದೋ ಹಳೆಯ ಅಬ್ಬಿಯಿಂದ ಬಂದದ್ದೋ ಅನ್ನುವುದು ಹೊರಗಿನಿಂದ ನೋಡಿದರೆ ತಿಳಿಯದು, ಡಿಎನ್‌ಎ ಓದಿದರೆ ತಿಳಿಯುತ್ತದೆ. ‘ಮೊದಲು ಪರೀಕ್ಷೆ, ಆಮೇಲೆ ಮರಿ’ ಅನ್ನುವ ಮಾತಿನ ಅರ್ಥ ಇಷ್ಟೇ.

ಇನ್ನು ಲಕ್ಷಗಟ್ಟಲೆ ಮರಿಯ ವಿಷಯ. ಮರಿ ಎಷ್ಟು ಅಂತ ಎಲ್ಲರೂ ಕೇಳುತ್ತಾರೆ, ಅಪ್ಪ ಅಮ್ಮ ಎಷ್ಟು ಅಂತ ಯಾರೂ ಕೇಳುವುದಿಲ್ಲ. ಒಂದು ಹೆಣ್ಣು ಮಹಶೀರ್ ಸಾವಿರಾರು ಮೊಟ್ಟೆ ಕೊಡುತ್ತದೆ. ಹ್ಯಾಚರಿಯಲ್ಲಿ 2 ಹೆಣ್ಣು, 20 ಗಂಡು ಬಳಸಿದರು ಅನ್ನಿ. ಒಟ್ಟು 22 ಮೀನು. ಸಂತಾನದ ಲೆಕ್ಕದಲ್ಲಿ ಇದು 22 ಅಲ್ಲ. ಹೆಣ್ಣು ಗಂಡುಗಳ ಸಂಖ್ಯೆಯನ್ನು ಗುಣಿಸಿ, ಅದನ್ನು ನಾಲ್ಕು ಪಟ್ಟು ಮಾಡಿ, ಒಟ್ಟು ಮೀನಿನಿಂದ ಭಾಗಿಸಬೇಕು. ಏಳು ಚಿಲ್ಲರೆ ಬರುತ್ತದೆ. ಅಷ್ಟೂ ಮರಿಗಳು ಎರಡೇ ತಾಯಂದಿರ ಮಕ್ಕಳು. ಅವನ್ನು ಲಕ್ಷ ಮಾಡಿ ಹೊಳೆಗೆ ಸುರಿದರೆ, ಅಲ್ಲಿ ಮೊದಲಿದ್ದ ನಾನಾ ಬಗೆಯ ಮೀನುಗಳು ಒಂದೇ ಮನೆಯವರ ನಡುವೆ ಮುಳುಗಿಹೋಗುತ್ತವೆ. ಸಂಖ್ಯೆ ಏರುತ್ತದೆ, ವೈವಿಧ್ಯ ಇಳಿಯುತ್ತದೆ.

ಹ್ಯಾಚರಿಯ ವಾಸವೇ ಮೀನನ್ನು ಬದಲಿಸುತ್ತದೆ ಅನ್ನುವುದು ಇನ್ನೊಂದು. ತೊಟ್ಟಿಯಲ್ಲಿ ಗೆಲ್ಲುವುದು ಕೈ ಆಹಾರ ಬೇಗ ತಿಂದು, ಗುಂಪಿನಲ್ಲಿ ಹೆದರದೆ ಇರುವ ಮರಿ. ಹೊಳೆಯಲ್ಲಿ ನೀರುನಾಯಿ ಬಂದಾಗ ಆ ಗುಣ ಉಳಿಸುವುದಿಲ್ಲ. ಅಮೆರಿಕದ ಹುಡ್ ನದಿಯಲ್ಲಿ ಸ್ಟೀಲ್‌ಹೆಡ್ ಟ್ರೌಟ್ ಮೀನುಗಳ ಅಪ್ಪ ಅಮ್ಮನನ್ನು ಡಿಎನ್‌ಎ ಮೂಲಕ ಪತ್ತೆಮಾಡಿ 2007ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಹ್ಯಾಚರಿಯಲ್ಲಿ ಬೆಳೆದ ಒಂದೊಂದು ತಲೆಮಾರಿಗೂ ಹೊಳೆಯಲ್ಲಿ ಮರಿ ಉಳಿಸುವ ಶಕ್ತಿ ಸುಮಾರು ಶೇ 40ರಷ್ಟು ಕುಗ್ಗುತ್ತಿತ್ತು. ಟ್ರೌಟ್ ಲೆಕ್ಕ ಮಹಶೀರ್‌ಗೆ ಹಾಗೇ ಹೊಂದಬೇಕಿಲ್ಲ. ಆದರೆ ಹ್ಯಾಚರಿ ಪುಕ್ಕಟೆ ಅಲ್ಲ ಅನ್ನುವುದಕ್ಕೆ ಇಷ್ಟು ಸಾಕು.

ಹಾಗಂತ ಗೂನು ಬೆನ್ನಿನ ಮಹಶೀರ್‌ಗೆ ಹ್ಯಾಚರಿಯೇ ಬೇಡವೇ? ಬೇಕಾಗುತ್ತದೆ, ನನ್ನ ಅಂದಾಜಿನಲ್ಲಿ. ಎಳೆಯ ಮೀನುಗಳೇ ಬರದ ಕಡೆ ಸುಮ್ಮನೆ ಕಾದು ಕೂತರೆ ಮುದಿ ಮೀನುಗಳ ಜೊತೆ ಅವುಗಳ ಜೀನ್ ಕೂಡ ಹೋಗುತ್ತದೆ. ಆದರೆ ಕ್ರಮ ಬೇರೆ. ಮೊದಲು ಮೋಯಾರ್, ಪಾಂಬಾರ್ ಮುಂತಾಗಿ ಉಳಿದಿರುವ ಪ್ರತಿ ಹೊಳೆಯಿಂದ ರೆಕ್ಕೆಯ ಚೂರು ತಂದು ಓದಬೇಕು. ಬೆರಕೆ ಮೀನನ್ನು ಬೇರೆ ಮಾಡಬೇಕು. ಒಂದೊಂದು ಹೊಳೆಯ ತಾಯಿ ಮೀನುಗಳನ್ನು ಬೇರೆ ತೊಟ್ಟಿಯಲ್ಲಿ ಸಾಕಬೇಕು. ಯಾವ ಹೆಣ್ಣಿಗೆ ಯಾವ ಗಂಡು ಅಂತ ಬರೆದಿಟ್ಟು, ಪ್ರತಿ ಜೋಡಿಯಿಂದಲೂ ಸಮನಾಗಿ ಮರಿ ತೆಗೆಯಬೇಕು. ಒಂದೇ ಹೆಣ್ಣು ಜಾಸ್ತಿ ಮೊಟ್ಟೆ ಕೊಟ್ಟಿತು ಅಂತ ಅದರದ್ದೇ ತುಂಬಬಾರದು. ಗಂಡಿನ ವೀರ್ಯವನ್ನು ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಇಡುವ ವಿದ್ಯೆ ನಮ್ಮ ದೇಶದಲ್ಲೇ ಇದೆ. 1983ರಲ್ಲಿ ಶುರುವಾಗಿ, ಈಗ ಲಖನೌದಲ್ಲಿರುವ ಮೀನಿನ ಅನುವಂಶಿಕ ಸಂಪನ್ಮೂಲಗಳ ರಾಷ್ಟ್ರೀಯ ಸಂಸ್ಥೆ ಮಹಶೀರ್‌ಗಳ ಮೇಲೂ ಈ ಕೆಲಸ ಮಾಡಿದೆ. ಮೊಟ್ಟೆಯನ್ನು ಹಾಗೆ ಇಡಲು ಬರುವುದಿಲ್ಲ. ಹಾಗಾಗಿ ಬದುಕಿರುವ ಹೆಣ್ಣು ಮೀನಿಗೆ ಬದಲಿ ಯಾವುದೂ ಇಲ್ಲ.

ಇಷ್ಟೆಲ್ಲ ಮಾಡಿ ಹೊಳೆಯಲ್ಲಿ ತೋಟಾ ಸಿಡಿಸುವುದು, ಮರಳು ತೆಗೆಯುವುದು, ಬೇಸಿಗೆಯಲ್ಲಿ ಕಟ್ಟೆಯ ನೀರನ್ನು ಬೇಕಾದಾಗ ಬಿಟ್ಟು ಬೇಡದಾಗ ತಡೆಯುವುದು ಹಾಗೇ ಇದ್ದರೆ ಬಿಟ್ಟ ಮರಿ ಉಳಿಯುವುದಿಲ್ಲ ಅನ್ನುವುದನ್ನು ಹೊಳೆ ದಡದವರಾದ ನಿಮಗೆ ನಾನು ಹೇಳಬೇಕಾಗಿಲ್ಲ.

ಶೃಂಗೇರಿಯ ತುಂಗೆಯಲ್ಲಿ, ರಾಮನಾಥಪುರದ ಕಾವೇರಿಯಲ್ಲಿ, ಶಿಶಿಲದ ಕಪಿಲೆಯಲ್ಲಿ ದೇವರ ಮೀನು ಇದೆಯಲ್ಲ, ಅದು ಸಾಲದೇ ಅಂತ ಕೆಲವರು ಕೇಳುತ್ತಾರೆ. ಆ ಮಡುಗಳನ್ನು ಭಕ್ತಿ ಕಾಪಾಡಿದಷ್ಟು ಕಾನೂನು ಕಾಪಾಡಿಲ್ಲ, ನಿಜ. ಜೀನ್ ದೃಷ್ಟಿಯಿಂದಲೂ ಅವು ಅಮೂಲ್ಯ, ಆಯಾ ಹೊಳೆಯ ಹಳೆಯ ಮೀನು ಅಲ್ಲಿ ಉಳಿದಿರಬಹುದು. ಆದರೆ ಒಂದೇ ಮಡುವಿನ ಮೇಲೆ ಎಲ್ಲವನ್ನೂ ಕಟ್ಟಲಾಗದು. 1996ರಲ್ಲಿ ಶಿಶಿಲದಲ್ಲಿ ಯಾರೋ ವಿಷ ಹಾಕಿ ಸಾವಿರಾರು ಮೀನು ಸತ್ತವು. ಆ ಊರಿನವರು ಅವುಗಳಿಗೆ ಸ್ಮಾರಕ ಕಟ್ಟಿದ್ದಾರೆ. ನನ್ನ ಒಂದು ವಿನಂತಿ: ದೇವಸ್ಥಾನದ ಮಡುವಿಗೆ ಹರಕೆ ಅಂತ ಬೇರೆ ಕಡೆಯ ಮೀನು ತಂದು ಬಿಡಬೇಡಿ.

ಕೊನೆಗೆ ನಿಮ್ಮೂರ ಕೆರೆ. ಮಹಶೀರ್ ಕೆರೆಯಲ್ಲಿ ಬದುಕುತ್ತದೆ, ಆದರೆ ಅಲ್ಲಿ ಮರಿ ಮಾಡುವುದಿಲ್ಲ. ಮೊಟ್ಟೆ ಇಡುವುದಕ್ಕೆ ಹರಿಯುವ ತಿಳಿನೀರು, ಅಡಿಯಲ್ಲಿ ಗರಸು ಕಲ್ಲು ಬೇಕು. ಹಾಗಾಗಿ ಕೆರೆಗೆ ಬಿಟ್ಟು ಜಾತಿ ಉಳಿಸಿದಂತೆ ಆಗುವುದಿಲ್ಲ. ನಿಮಗೆ ಕೊಡುವ ಮರಿಯೂ ಹೆಚ್ಚುಕಡಿಮೆ ನೀಲಿ ರೆಕ್ಕೆಯದೇ ಆಗಿರುತ್ತದೆ. ಒಳ್ಳೆ ಮಳೆ ಬಂದು ಕೋಡಿ ಬಿದ್ದಾಗ ನಿಮ್ಮ ಕೆರೆಯ ನೀರು ಎಲ್ಲಿಗೆ ಹೋಗುತ್ತದೆ ನೋಡಿ. ನಿಮ್ಮ ಕಡೆಯ ಬಹುತೇಕ ಕೆರೆಗಳ ನೀರು ಹಳ್ಳ, ಅರ್ಕಾವತಿ ದಾಟಿ ಕಾವೇರಿಗೇ ಸೇರುತ್ತದೆ. ನಿಮ್ಮದೂ ಹಾಗಿದ್ದರೆ ಮಹಶೀರ್ ಬೇಡ. ತಿನ್ನಲು, ಮಾರಲು ಮೀನು ಬೇಕಿದ್ದರೆ ಈಗಾಗಲೇ ಕೆರೆಯಲ್ಲಿರುವ ಕಾಟ್ಲಾ, ರೋಹುವನ್ನೇ ಮುಂದುವರಿಸಿ. ಅವೂ ಗಂಗೆಯ ಕಡೆಯಿಂದ ಬಂದವೇ, ಆದರೆ ಅವು ಮಹಶೀರ್ ಜೊತೆ ಕೂಡಿ ಬೆರಕೆ ಮಾಡುವುದಿಲ್ಲ. ಕೆರೆಗಾಗಿ ಕೂಡಿಸಿದ ದುಡ್ಡು ಉಳಿದರೆ ಹೊಳೆಯಲ್ಲಿ ತೋಟಾ ಹಾಕದಂತೆ ಬೇಸಿಗೆಯಲ್ಲಿ ಮಡು ಕಾಯುವವರಿಗೆ ಕೊಡಿ. ಕಿತ್ತಳೆ ರೆಕ್ಕೆ, ಗೂನು ಬೆನ್ನು ಇರುವ ಮೀನು ಎಲ್ಲಾದರೂ ಕಂಡರೆ ಮುಟ್ಟದೆ ದಡದಿಂದಲೇ ಫೋಟೋ ತೆಗೆದು, ಜಾಗ ಮತ್ತು ದಿನ ಬರೆದು ಅರಣ್ಯ ಇಲಾಖೆಗೆ ಕೊಡಿ. ಈಗ ಹಾಗೆ ಲೆಕ್ಕ ಇಡುವವರು ಬಹಳ ಕಡಿಮೆ.